ಹಾರೋ ಓತೀನ ಮಾತ್ರ ತೋರಿಸ್ಬ್ಯಾಡಿ

ಪುಸ್ತಕ ಓದಿದೋರು ಅದ್ರ ಸಿನಿಮಾ ನೋಡೋಕೆ ಹೋಗ್ಬಾರ್ದು, ಹೋದ್ರೆ ಎರಡೂ ಕೆಡ್ತವೆ ಅನ್ನೋದು ನಮ್ಮೆಜಮಾನ್ರ ವಾದ. ನಂದು ಉಲ್ಟಾ. ಪುಸ್ತಕ ಓದಿ ಹುಚ್ಚು ಹಿಡಿಸ್ಕೊಂಡೋರೇ ಸಿನಿಮಾ ಮಾಡ್ಬೇಕು, ಅಂಥೋರೇ ಕೂತು ನೋಡ್ಬೇಕು, ಆಮೇಲೆ ಮುದ್ದೆ ಆರೋವರ್ಗೂ ಜಗಳ ಆಡ್ಬೇಕು. 'ಡೇರ್‌ಡೆವಿಲ್ ಮುಸ್ತಾಫಾ' ನೋಡಿದ್ಮೇಲೆ ನಂಗೆ ಈ ಮಾತು ಇನ್ನೂ ಗಟ್ಟಿಯಾಗೈತೆ. ಅದನ್ನೇ ಇಲ್ಲಿ ಬರೀತಿದೀನಿ. ಜೊತೆಗೆ ನಾನು ಬಹಳ ವರ್ಷದಿಂದ ಕಾಯ್ತಿರೋ, ಕಾಯೋದರ ಜೊತೆಗೇ ಹೆದರ್ತಾನೂ ಇರೋ ಇನ್ನೊಂದು ಸಿನಿಮಾದ ವಿಚಾರನೂ ಐತೆ.

ಮೊದ್ಲು ನಮ್ಮ ಕಡೆ ಲೆಕ್ಕ ಹೇಳ್ಬುಡ್ತೀನಿ. ಅರಸೀಕೆರೆ, ಹಳೇಬೀಡು, ಬೇಲೂರು ಕಡೆಯೋರಿಗೆ ಪೂರ್ಣಚಂದ್ರ ತೇಜಸ್ವಿ ಅಂದ್ರೆ ಪಠ್ಯಪುಸ್ತಕದ ಸಾಹಿತಿ ಅಲ್ಲ, ಪಕ್ಕದ ತಾಲ್ಲೂಕಿನೋರು. ಅರಸೀಕೆರೇಲಿ ಬಸ್ ಹತ್ತಿದ್ರೆ ಕಿಟಕಿ ಆಚೆ ತೆಂಗು, ರಾಗಿ ಹೊಲ, ಜಾಲಿ, ಕಣ್ಣು ಕುಕ್ಕೋ ಬಿಸ್ಲು. ಹಳೇಬೀಡು ಬಂದಂಗೆ ಗಾಳಿ ಸ್ವಲ್ಪ ತಣ್ಣಗಾಗ್ತೈತೆ. ಬೇಲೂರು ದಾಟಿ ಮೂಡಿಗೆರೆ ದಾರಿ ಹಿಡಿದ್ರೆ ಕಾಫಿ ಗಿಡ, ಸಿಲ್ವರ್ ಮರ, ಬಿಡದೆ ಹಿಡ್ಕೊಳ್ಳೋ ಮಳೆ, ಜಿಗಣೆ. ಒಂದೇ ದಿನದ ಪ್ರಯಾಣದಾಗೆ ಎರಡು ಲೋಕ. ಬಯಲುಸೀಮೆಯಿಂದ ಆ ಕಡೆ ಹೆಣ್ಣು ಕೊಟ್ರೆ, ಕೂಲಿಗೆ ಹೋದ್ರೆ, ವಾಪಸ್ ಬಂದೋರು ತರೋ ಕತೆಗಳೇ ಬೇರೆ ಥರ ಇರ್ತಿದ್ವು. ಹಂಗಾಗಿ ಮೂಡಿಗೆರೆ ಕಾಡಲ್ಲಿ ಹಾರೋ ಓತಿ ಐತೆ ಅಂತ ಯಾರಾದ್ರೂ ಬರೆದ್ರೆ ನಾವು ನಂಬಲ್ಲ ಅನ್ನೋ ಪ್ರಶ್ನೇನೇ ಇರ್ಲಿಲ್ಲ.

'ಕರ್ವಾಲೊ' ಬಂದಿದ್ದು 1980ರಲ್ಲಿ. ನಾನು ಓದಿದ್ದು ಎಷ್ಟೋ ವರ್ಷ ಆದ್ಮೇಲೆ, ಪಿಯುಸೀಲಿದ್ದಾಗ, ಹಳೇಬೀಡಿನ ಹತ್ರ ನಮ್ಮ ತವರಲ್ಲಿ. ಲೈಬ್ರರಿ ಪುಸ್ತಕ, ಬೆನ್ನು ಕಿತ್ತೋಗಿ ಯಾರೋ ಗೋಣಿದಾರದಲ್ಲಿ ಹೊಲ್ದಿದ್ರು. ಓದಿಲ್ದೋರಿಗೆ ಎರಡೇ ಮಾತು: ಕರ್ವಾಲೊ ಅಂತ ಒಬ್ಬ ವಿಜ್ಞಾನಿ. ಓದು ಹತ್ತದ, ಆದ್ರೆ ಕಾಡಿನಾಗೆ ಕಣ್ಣು ಕಿವಿ ಎಲ್ಲಾ ತೆರ್ಕೊಂಡಿರೋ ಮಂದಣ್ಣ ಅನ್ನೋ ಹುಡ್ಗ. ಬಿರಿಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ, ಕತೆ ಹೇಳೋ ರೈತ. ಇವ್ರೆಲ್ಲಾ ಸೇರ್ಕೊಂಡು, ಲಕ್ಷಾಂತರ ವರ್ಷದ ಹಿಂದಿನಿಂದ ಹಂಗೇ ಉಳ್ಕೊಂಡು ಬಂದೈತೆ ಅನ್ನೋ ಒಂದು ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ. ಸಿಗ್ತೈತೋ ಇಲ್ವೋ ಹೇಳಲ್ಲ, ಓದ್ಕೊಳ್ಳಿ. ಇಂಗ್ಲಿಷಿನೋರು ಇಂಥದ್ದಕ್ಕೆ ಸೈನ್ಸ್ ಫಿಕ್ಷನ್ನು, ಫ್ಯಾಂಟಸಿ ಅಂತ ಬೇರೆ ಬೇರೆ ಡಬ್ಬ ಮಡಗವ್ರೆ. ನಮ್ಮ ತೇಜಸ್ವಿಯವರ ಪುಸ್ತಕ ಯಾವ ಡಬ್ಬದಾಗೂ ಕೂರಲ್ಲ. ರಾಕೆಟ್ ಇಲ್ಲ, ಬೇರೆ ಗ್ರಹ ಇಲ್ಲ. ಜೇನುಪೆಟ್ಟಿಗೆ, ಮಳೆ, ಕೋರ್ಟು ಕೇಸು, ಮದುವೆ ಮಾತುಕತೆ. ಇವುಗಳ ಮಧ್ಯದಿಂದ್ಲೇ ಕಾಲ ಅನ್ನೋದು ಬಾಯಿ ತೆರ್ಕೊಂಡು ನಿಂತ್ಬುಡ್ತೈತೆ.

ನಾನು ಅದನ್ನ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳ್ತಿದ್ದೆ. ಅವ್ವಂಗೆ ಅಕ್ಷರ ಬರ್ತಿರ್ಲಿಲ್ಲ. ಅವರೆಕಾಯಿ ಸುಲೀತಾ ಕೂತು ಕೇಳ್ತಿದ್ಲು. "ಆ ಓತಿ ಎಷ್ಟು ದಪ್ಪ ಇರ್ಬೋದವ್ವ?" ಅಂದೆ ಒಂದಿನ. "ಹುಂಜದಷ್ಟಾದ್ರೂ ಇಲ್ದಿದ್ರೆ ಅಷ್ಟು ಜನ ಯಾಕ್ ಹೋಗ್ತಿದ್ರು" ಅಂದ್ಲು. ಅಪ್ಪ ಜಗಲಿ ಮೇಲಿಂದ್ಲೇ, ಹುಂಜ ಅಲ್ಲ, ಉಡದಷ್ಟು ಅಂದ್ರು. ನಂದು ಹಸಿರು ಬಣ್ಣದ್ದು. ಮದ್ವೆ ಆದ್ಮೇಲೆ ಕೇಳಿದ್ರೆ ನಮ್ಮೆಜಮಾನ್ರ ಓತಿ ಒಣಗಿದ ಸೌದೆ ಬಣ್ಣದ್ದಂತೆ. ನಿಜವಾದ ಹಾರೋ ಓತಿನೂ ಐತೆ ಅನ್ನೋದು ನಿಮ್ಗೆ ಗೊತ್ತಿರ್ಬೋದು. ಮಲೆನಾಡಿನ ಅಡಿಕೆ ತೋಟದಾಗೆ ಈಗಲೂ ಅವೆ. ಬಾಲ ಸೇರಿ ಹೆಚ್ಚೂ ಕಮ್ಮಿ ಒಂದು ಗೇಣು. ಪಕ್ಕೆಲುಬಿನ ಮೇಲಿನ ಚರ್ಮನ ಕೊಡೆ ಬಿಚ್ಚಿದಂಗೆ ಬಿಚ್ಕೊಂಡು ಮರದಿಂದ ಮರಕ್ಕೆ ತೇಲ್ತವೆ. ಅಷ್ಟು ಸಣ್ಣದು ಅಂತ ಗೊತ್ತಾದ್ಮೇಲೂ ಅವ್ವನ ಓತಿ ಹುಂಜದ ಅಳತೆಯಿಂದ ಕೆಳ್ಗಿಳೀಲಿಲ್ಲ. ಈ ವಿಚಾರ ಮನಸ್ಸಲ್ಲಿಟ್ಕೊಂಡಿರಿ, ಆಮೇಲೆ ಬೇಕಾಗ್ತೈತೆ.

ಈಗ ಸಿನಿಮಾಕ್ಕೆ ಬರೋಣ. ತೇಜಸ್ವಿಯವರ ಕತೆ ಸಿನಿಮಾ ಆಗೋದು ಹೊಸದೇನಲ್ಲ. 'ಅಬಚೂರಿನ ಪೋಸ್ಟಾಫೀಸು' 1973ರಲ್ಲೇ ಎನ್. ಲಕ್ಷ್ಮೀನಾರಾಯಣ್ ಮಾಡಿದ್ರು. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ'ಗೆ ರಾಷ್ಟ್ರಪ್ರಶಸ್ತಿ ಬಂತು. ಪಿಂಚಣಿಗೆ ಓಡಾಡಿ ಓಡಾಡಿ ಚಪ್ಪಲಿ ಸವೆಸಿದ ಯಾರನ್ನೇ ಕೇಳಿ, ತಬರ ಯಾರು ಅಂತ ಹೇಳ್ತಾರೆ. 'ಕುಬಿ ಮತ್ತು ಇಯಾಲ' ಸದಾನಂದ ಸುವರ್ಣರು ಮಾಡಿದ್ರು. 2016ರಲ್ಲಿ ಸುಮನಾ ಕಿತ್ತೂರು ಅವರ 'ಕಿರಗೂರಿನ ಗಯ್ಯಾಳಿಗಳು' ಬಂತು. ಅದನ್ನ ನಮ್ಮ ಬೀದಿ ಹೆಂಗಸ್ರು ನೋಡಿ ಬಂದು ಒಂದು ವಾರ ಅದೇ ಧಾಟೀಲಿ ಬೈದಾಡ್ತಿದ್ರು.

'ಡೇರ್‌ಡೆವಿಲ್ ಮುಸ್ತಾಫಾ' ಇವೆಲ್ಲಕ್ಕಿಂತ ಬೇರೆ ಥರ ಹುಟ್ಟಿದ್ದು. ಶಶಾಂಕ್ ಸೋಗಾಲ್ ಅನ್ನೋ ಹೊಸ ನಿರ್ದೇಶಕರು. ದುಡ್ಡು ಹಾಕಿದೋರು ದೊಡ್ಡ ನಿರ್ಮಾಪಕರಲ್ಲ, ತೇಜಸ್ವಿ ಓದುಗರು, ನೂರರ ಆಸುಪಾಸು ಜನ. ಹಿಂದೆ 2013ರಲ್ಲಿ 'ಲೂಸಿಯಾ'ಕ್ಕೆ ಜನರೇ ದುಡ್ಡು ಹಾಕಿದ್ದು ನೆನಪಿರ್ಬೋದು. ಆದ್ರೆ ಅಲ್ಲಿ ಜನ ದುಡ್ಡು ಹಾಕಿದ್ದು ಹೊಸ ಕತೆ ನಂಬಿ. ಇಲ್ಲಿ ಹಾಕಿದ್ದು ಹಳೇ ಕತೆ ಋಣಕ್ಕೆ. 2023ರ ಮೇ 19ಕ್ಕೆ ಸಿನಿಮಾ ಬಂತು. ಇದನ್ನ ಅರ್ಪಿಸಿದೋರು ಡಾಲಿ ಧನಂಜಯ. ನಮ್ಮ ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯೋರು. ಈ ಒಂದು ಕಾರಣಕ್ಕೇ ನಮ್ಮ ಕಡೆ ಎಷ್ಟೋ ಜನ, ತೇಜಸ್ವಿ ಹೆಸರು ಕೇಳಿಲ್ದೋರೂ, ನೋಡಿದ್ರು. ನಾವು ಟಾಕೀಸಿಗೆ ಹೋಗಕ್ಕಾಗ್ಲಿಲ್ಲ, ಮಳೆಗಾಲದಾಗೆ ಮನೆ ಟೀವೀಲೇ ನೋಡಿದ್ವಿ. ಕಡ್ಲೇಪುರಿಗೆ ಒಗ್ಗರಣೆ ಹಾಕಿ ದೊಡ್ಡ ಪಾತ್ರೇಲಿ ಮಡಗಿದ್ದೆ, ಅರ್ಧ ಸಿನಿಮಾಕ್ಕೆ ಖಾಲಿ.

ಮುಸ್ತಾಫಾ ಕತೆ ಇರೋದು 'ಅಬಚೂರಿನ ಪೋಸ್ಟಾಫೀಸು' ಅನ್ನೋ ಕಥಾಸಂಕಲನದಾಗೆ. ಒಂದು ಲೋಟ ಕಾಫಿ ಕುಡಿಯೋ ಹೊತ್ತಿಗೆ ಮುಗ್ಯೋ ಕತೆ. ಸಿನಿಮಾ ಎರಡೂವರೆ ಗಂಟೆ ಆಸುಪಾಸು. ಮಿಕ್ಕಿದ್ದೆಲ್ಲಾ ಎಲ್ಲಿಂದ ಬಂತು? ಅವ್ರೇ ಹುಟ್ಟಿಸಿದ್ದು. ನಮ್ಮೆಜಮಾನ್ರು ಶುರು ಮಾಡೇಬಿಟ್ರು: ಇದು ಕತೇಲಿಲ್ಲ, ಅದು ಕತೇಲಿಲ್ಲ, ಈ ಹಾಡು ಎಲ್ಲಿಂದ ಬಂತು, ಈ ಕ್ರಿಕೆಟ್ಟು ಇಷ್ಟೊಂದು ಯಾಕೆ.

ನಾನು ಹೇಳೋದು ಕೇಳಿ. ಹಳೇಬೀಡಿನ ಗುಡಿ ಗೋಡೆ ಸುತ್ತಾ ರಾಮಾಯಣ, ಮಹಾಭಾರತ, ಭಾಗವತ ಎಲ್ಲಾ ಕೆತ್ತವ್ರೆ. ನಾನು ಹುಟ್ಟಿದಾಗಿಂದ ನೋಡ್ತಿದೀನಿ. ಒಂದು ಕಾಂಡಾನ ಒಂದು ಮೊಳ ಕಲ್ಲಿಗೆ ತುರುಕಿರೋ ಜಾಗನೂ ಐತೆ, ಒಂದು ಕ್ಷಣಾನ ಇಡೀ ಮೂಲೆ ತುಂಬ ಹರಡಿರೋ ಜಾಗನೂ ಐತೆ. ಯಾರಾದ್ರೂ ಅಲ್ಲಿ ನಿಂತ್ಕೊಂಡು, ಇದು ಪುಸ್ತಕದಾಗೆ ಇಲ್ವಲ್ಲ ಅಂದಿದ್ದು ಕೇಳಿದೀರಾ? ಕೆತ್ತಿದೋರು ಕತೆ ಬಾಯಿಪಾಠ ಇದ್ದೋರು. ಎಲ್ಲಿ ನಿಲ್ಬೇಕು, ಎಲ್ಲಿ ಓಡ್ಬೇಕು ಅಂತ ಅವ್ರೇ ನಿರ್ಧಾರ ಮಾಡಿದ್ರು. ಮಾಡಿದ ಕೆಲಸದ ಕೆಳ್ಗೆ ಹೆಸರೂ ಕೊರ್ದವ್ರೆ. ಬೇಲೂರಲ್ಲಿ ದಾಸೋಜ, ಚಾವಣ ಅಂತ ಈಗಲೂ ಓದ್ಬೋದು. ಮುಸ್ತಾಫಾ ಮಾಡಿದೋರೂ ಅಂಥ ಓದುಗರೇ. ಬರೆದಿದ್ದನ್ನ ಸುಮ್ನೆ ಪಡದೆ ಮೇಲೆ ಒಣಹಾಕಿಲ್ಲ. ಓದ್ತಾ ಓದ್ತಾ ತಮ್ಮ ಕಾಲೇಜು, ತಮ್ಮ ಮೇಷ್ಟ್ರು, ತಮ್ಮ ಊರಿನ ಪುಂಡ್ರು ಏನೇನು ತಲೇಗೆ ಬಂದ್ರೋ ಅವರನ್ನೆಲ್ಲಾ ತಂದು ಅಬಚೂರಿನಾಗೆ ಕೂರಿಸವ್ರೆ. ನಾವು ಓದುವಾಗ ಮಾಡೋದೂ ಅದನ್ನೇ ತಾನೆ? ನನ್ನ ತಬರ ನಮ್ಮೂರಿನ ವಾಲೀಕಾರನ ಥರಾನೇ ಇರ್ತಾನೆ.

ಆ ಸಿನಿಮಾದಾಗೆ ನಂಗೆ ತುಂಬಾ ಹಿಡಿಸಿದ್ದು ಮುಸ್ತಾಫಾ ಬರೋದಕ್ಕೂ ಮುಂಚಿನ ಭಾಗ. ಇಡೀ ಕ್ಲಾಸಿನಾಗೆ ಮುಸಲ್ಮಾನರ ಹುಡ್ಗ ಅಂತ ಒಬ್ಬನೂ ಇಲ್ಲ. ಹಾಜರಿ ಪುಸ್ತಕದಾಗೆ ಒಂದು ಉದ್ದನೇ ಹೆಸರು ಐತೆ, ಕೂಗ್ತಾರೆ, ಓಗೊಡೋರಿಲ್ಲ. ಕಾಣದೇ ಇರೋ ಹುಡ್ಗನ ಬಗ್ಗೆ ಮಿಕ್ಕ ಹುಡುಗ್ರು ಏನೇನೋ ಕಟ್ಕೋತಾರೆ. ಹಂಗಿರ್ತಾನೆ, ಹಿಂಗಿರ್ತಾನೆ, ಅವನ ಕೈಲಿ ಅದಿರ್ತೈತೆ, ಇದಿರ್ತೈತೆ. ಆಮೇಲೆ ಬರೋನು ಒಬ್ಬ ಸಾದಾ ಹುಡ್ಗ, ಎಲ್ಲರಷ್ಟೇ ತರಲೆ. ಇದನ್ನ ನೋಡ್ತಾ ನಂಗೆ ಹಾರೋ ಓತಿ ನೆನಪಾಯ್ತು ಅಂದ್ರೆ ನಗ್ಬ್ಯಾಡಿ. ಎರಡರಾಗೂ ಕಾಣದೇ ಇರೋದ್ರ ಸುತ್ತ ಜನ ಕಟ್ಕೊಳ್ಳೋ ಚಿತ್ರಾನೇ ಕತೆ. ಓತಿ ವಿಚಾರದಾಗೆ ಆ ಚಿತ್ರ ನಮ್ಮನ್ನ ದೊಡ್ಡೋರು ಮಾಡ್ತೈತೆ. ಮುಸ್ತಾಫಾ ವಿಚಾರದಾಗೆ ಸಣ್ಣೋರು ಮಾಡ್ತೈತೆ. ಎರಡನ್ನೂ ಬರೆದಿದ್ದು ಒಬ್ಬರೇ ಮನುಷ್ಯ ಅನ್ನೋದನ್ನ ನಾನು ಮರ್ಯಲ್ಲ.

ನಮ್ಮನೇಲಿ ಈ ಸಿನಿಮಾ ಬರೀ ಸಿನಿಮಾ ಆಗ್ಲಿಲ್ಲ. ಅದಕ್ಕೆ ಕಾರಣ ಬೇಲೂರಿನ ತೇರು. ಗೊತ್ತಿಲ್ದೋರಿಗೆ ಹೇಳ್ತೀನಿ: ಚನ್ನಕೇಶವ ಸ್ವಾಮಿ ತೇರು ಎಳೆಯೋ ಮುಂಚೆ ದೊಡ್ಡಮೇದೂರಿನ ಖಾಜಿಯೋರು ಬಂದು ಕುರಾನ್ ಓದೋ ವಾಡಿಕೆ ಹಿಂದಿನಿಂದ್ಲೂ ಐತೆ. 2022ರಲ್ಲಿ ಅದು ಬೇಡ ಅಂತ ಕೆಲವ್ರು ಎದ್ರು. ಗಲಾಟೆ ನಡುವೆನೂ ಆ ಏಪ್ರಿಲ್ಲಾಗೆ ಖಾಜಿಯೋರು ಬಂದು ಓದಿದ್ರು. 2023ರ ಮಾರ್ಚಿನಾಗೆ ಮತ್ತೆ ಪ್ರತಿಭಟನೆ. ಅದಾದ ಎರಡು ತಿಂಗಳೂ ತುಂಬಿರ್ಲಿಲ್ಲ, ಮುಸ್ತಾಫಾ ಸಿನಿಮಾ ಬಂತು.

ಬೇಲೂರಲ್ಲಿರೋದು ನಮ್ಮ ನಾದಿನಿ. ಅವಳ ಯಜಮಾನ್ರನ್ನ ನಾನು ಅಣ್ಣ ಅಂತೀನಿ, ಒಳ್ಳೇ ಮನುಷ್ಯರೇ. ಆದ್ರೆ ಆ ಎರಡು ವರ್ಷ ಅವ್ರು ಮನೆ ಗ್ರೂಪಿಗೆ ಕಳಿಸಿದ ವಿಡಿಯೋಗಳ ಲೆಕ್ಕ ಇಲ್ಲ. ನಮ್ಮೆಜಮಾನ್ರು ಒಂದಿನ ಏನೋ ಖಾರವಾಗಿ ಬರೆದ್ರು. ಅವ್ರು ಗ್ರೂಪು ಬಿಟ್ರು. ಆ ವರ್ಷ ಯುಗಾದಿ ಒಬ್ಬಟ್ಟಿಗೆ ಕರೆದ್ರೂ ಬರ್ಲಿಲ್ಲ. ನಾದಿನಿ ಫೋನ್ ಮಾಡಿ, "ಅತ್ಗೆ, ನೀವೇ ಏನಾದ್ರೂ ಮಾಡಿ" ಅಂತ ಅತ್ಲು. ನಾನೇನ್ ಮಾಡ್ಲಿ? ನಮ್ಮತ್ತೆ ಅಳೀಮಯ್ಯನ ಎದುರಿಗೆ ದನಿ ಎತ್ತಿದೋರಲ್ಲ. ಅವ್ರು ಚಿಕ್ಕೋರಿದ್ದಾಗಿಂದ ಆ ತೇರಿಗೆ ಹೋಗ್ತಿರೋರು. ಅವ್ರಿಗೆ ಅರ್ಥ ಆಗದ್ದು ಒಂದೇ: ಓದೋದು ಬೇಡ ಅಂದ್ರೆ ತೇರಿನ ದಿನದ ಲೆಕ್ಕ ಹೆಂಗೆ ತಪ್ಪಲ್ಲ? ಅವ್ರಿಗೆ ಅದು ಧರ್ಮದ ಪ್ರಶ್ನೆನೇ ಅಲ್ಲ. ಬೆಲ್ಲ ಆದ್ಮೇಲೆ ಕಾಯಿ ಅನ್ನೋ ಥರ, ಒಂದಾದ್ಮೇಲೊಂದು ಆಗ್ಬೇಕಾದ ಕೆಲಸ.

ಗೌರಿ ಹಬ್ಬಕ್ಕೆ ನಾದಿನಿ ಬಾಗಿನಕ್ಕೆ ಬಂದಾಗ ಅಣ್ಣ ಅವ್ರೂ ಜೊತೇಲಿ ಬಂದ್ರು. ಮಾತು ಕಮ್ಮಿ, ಕಾಫಿ ಜಾಸ್ತಿ. ನಾನು ಬೇಕಂತ್ಲೇ ಮುಸ್ತಾಫಾನ ಮತ್ತೆ ಹಾಕಿದೆ, ನಮ್ಮ ಧನಂಜಯಂದು ಅಂತ ಹೇಳಿ. ಅಣ್ಣ ಮೊದಲ ಅರ್ಧ ಗಂಟೆ ಫೋನ್ ಒತ್ತುತಾ ಇದ್ರು. ಆಮೇಲೆ ಒತ್ತೋದು ನಿಂತ್ತು. ಕ್ರಿಕೆಟ್ ಮ್ಯಾಚ್ ಹೊತ್ತಿಗೆ ಮುಂದಕ್ಕೆ ಸರ್ಕೊಂಡು ಕೂತಿದ್ರು. ಮುಗಿದ್ಮೇಲೆ ಏನ್ ಹೇಳ್ತಾರೋ ಅಂತ ನಾನು ನಾದಿನಿ ಮುಖಮುಖ ನೋಡ್ಕೊಂಡ್ವಿ. "ಎಲ್ಲಾ ಸರಿ ಕಣಮ್ಮ, ಮ್ಯಾಚ್ ಒಂದು ಗೆದ್ರೆ ಊರು ಒಂದಾಗ್ಬುಡ್ತೈತಾ?" ಅಂದ್ರು.

ಅದು ಒಳ್ಳೇ ಪ್ರಶ್ನೆ. ಸಿನಿಮಾದ ಮೇಲೆ ನನ್ನ ತಕರಾರೂ ಅದೇ. ತೇಜಸ್ವಿಯವರು ಇಂಥ ಜಾಗದಾಗೆ ಸಕ್ಕರೆ ಕಮ್ಮಿ ಹಾಕೋರು. ಪಕ್ಕದಾಗಿರೋ ಮನುಷ್ಯನ್ನ ಒಳ್ಳೇವ್ನು ಅಂತ ಸಾಬೀತು ಮಾಡೋಕೆ ಅವ್ನ ಕೈಗೆ ಬ್ಯಾಟು ಕೊಡೋರಲ್ಲ. 'ಪರಿಸರದ ಕತೆ'ಯಾಗೆ ಬರೋ ಪ್ಯಾರನ್ನ ನೋಡಿ. ಅವನೂ ಮುಸಲ್ಮಾನ. ಯಾರೂ ಅವನ ಪರವಾಗಿ ಭಾಷಣ ಮಾಡಲ್ಲ. ಇವ್ರ ಹತ್ರ ಬೈಸ್ಕೊಂಡು, ಇವರನ್ನೇ ಆಡಿಸ್ಕೊಂಡು, ತಾನೂ ಮನೆಯೋನೇ ಅನ್ನೋ ಹಂಗೆ ಓಡಾಡ್ಕೊಂಡಿರ್ತಾನೆ. ಮುಸ್ತಾಫಾ ಗೆದ್ದು ತೋರಿಸ್ಬೇಕಾಯ್ತು, ಪ್ಯಾರ ಏನೂ ಗೆಲ್ಬೇಕಾಗಿರ್ಲಿಲ್ಲ. ಸಿನಿಮಾ ಕೊನೇ ಅರ್ಧ ಗಂಟೇಲಿ ಎಲ್ಲರನ್ನೂ ಒಳ್ಳೇವ್ರು ಮಾಡೋ ಆತುರಕ್ಕೆ ಬಿದ್ದೈತೆ. ಮೊದಲರ್ಧದಾಗಿದ್ದ ಚೇಷ್ಟೆ ಅಷ್ಟಷ್ಟೇ ಕರಗೋಗ್ತೈತೆ. ಓದುಗರು ಪ್ರೀತಿ ಜಾಸ್ತಿಯಾಗಿ ಮಾಡೋ ಕೆಲಸ ಇದು. ಮಗೂಗೆ ಬೊಟ್ಟಿನ ಮೇಲೆ ಬೊಟ್ಟು ಇಟ್ಟಂಗೆ.

ಆದ್ರೂ ಒಂದು ಮಾತು. ಅಣ್ಣ ಆ ಪ್ರಶ್ನೆ ಕೇಳಿದ್ರಲ್ಲ, ಅದು ಎರಡು ವರ್ಷದಾಗೆ ಅವ್ರು ನಮ್ಮನೇಲಿ ಕೇಳಿದ ಮೊದಲ ಪ್ರಶ್ನೆ. ಅಲ್ಲೀವರ್ಗೂ ಅವ್ರು ಉತ್ತರಗಳನ್ನೇ ಕಳಿಸ್ತಿದ್ದಿದ್ದು. ನಮ್ಮತ್ತೆ ಅಡುಗೆಮನೆ ಬಾಗ್ಲಲ್ಲಿ ನಿಂತಿದ್ದೋರು, "ಹುಡುಗ್ರು ಆಟ ಆಡ್ಲಿ ಬಿಡಿ ಅಳೀಮಯ್ಯ, ನೀವು ಊಟಕ್ಕೇಳಿ" ಅಂದ್ರು. ಊಟಕ್ಕೆದ್ರು. ಗ್ರೂಪಿಗೆ ವಾಪಸ್ ಸೇರಿಲ್ಲ, ಇವತ್ತಿಗೂ ಇಲ್ಲ. ವಿಡಿಯೋ ಅವ್ರ ಫೋನಿಗೆ ಬರೋದು ನಿಂತೈತೆ ಅಂತಾನೂ ನಾನು ಅಂದ್ಕೊಂಡಿಲ್ಲ. ಸಿನಿಮಾ ಮಾಡೋದು ಅಷ್ಟೇ ಕೆಲಸ, ಅದ್ರ ಮೇಲೆ ಹೊರೆ ಹೊರಿಸ್ಬಾರ್ದು.

ಇನ್ನು ನಾನು ಕಾಯ್ತಿರೋ, ಹೆದರ್ತಿರೋ ಸಿನಿಮಾ. ಯಾವತ್ತಾದ್ರೂ ಒಂದಿನ ಯಾರಾದ್ರೂ 'ಕರ್ವಾಲೊ' ಮಾಡೇ ಮಾಡ್ತಾರೆ. ಈಗ ಕಂಪ್ಯೂಟರಿನಾಗೆ ಏನು ಬೇಕಾದ್ರೂ ಹುಟ್ಟಿಸ್ತಾರೆ, ನಮ್ಮ ಕನ್ನಡದೋರೂ ಕಮ್ಮಿ ಇಲ್ಲ. ದೊಡ್ಡ ದುಡ್ಡಿನೋರು ಕೈಗೆತ್ಕೊಂಡ್ರೆ ಮೊದಲ ಪೋಸ್ಟರ್ ಮೇಲೇ ಓತಿ ಕೂತಿರ್ತೈತೆ, ಬಾಯಿ ತೆರ್ಕೊಂಡು, ಕಣ್ಣು ಕೆಂಪಗೆ. ಹಿಂದೆ ಬೆಟ್ಟ, ಮುಂದೆ ಹೀರೋ. ಮಂದಣ್ಣನಿಗೆ ಆರು ಮಡಿಕೆ ಹೊಟ್ಟೆ ಬಂದಿರ್ತೈತೆ. ಕರ್ವಾಲೊ ಇಂಗ್ಲಿಷಿನಾಗೆ ಪಾಠ ಮಾಡ್ತಿರ್ತಾರೆ. ಹಾಲಿವುಡ್ಡಿನೋರು ಡೈನೋಸಾರನ್ನ ತಂದು ಬಿಟ್ಟಾಗಿಂದ ಹಳೇ ಕಾಲದ ಪ್ರಾಣಿ ಅಂದ್ರೆ ಓಡಿಸ್ಕೊಂಡು ಬರ್ಲೇಬೇಕು ಅನ್ನೋ ಹಂಗಾಗೈತೆ. ತೇಜಸ್ವಿಯವರ ಓತಿ ಯಾರನ್ನೂ ಓಡಿಸಲ್ಲ. ಅದಕ್ಕೆ ನಮ್ಮ ಕಡೆ ತಿರುಗಿ ನೋಡೋಷ್ಟೂ ಪುರುಸೊತ್ತಿಲ್ಲ. ಅದ್ರಲ್ಲೇ ಇರೋದು ಪುಸ್ತಕದ ಬೆರಗೆಲ್ಲಾ.

ಅದಕ್ಕೇ ನಂಗೆ ಆಸೆ, ಅದನ್ನೂ ಮುಸ್ತಾಫಾ ಥರಾನೇ ಓದುಗರೇ ಸೇರಿ ಮಾಡ್ಲಿ ಅಂತ. ದುಡ್ಡು ಕಮ್ಮಿ ಇರೋದು ಇಲ್ಲಿ ಒಳ್ಳೇದು. ಓತಿ ಕೊಳ್ಳೋಕೆ ದುಡ್ಡಿಲ್ದಿದ್ರೆ ಅದನ್ನ ತೋರಿಸ್ದೇನೇ ಹೆಂಗೆ ಕಾಣಿಸೋದು ಅಂತ ಯೋಚ್ನೆ ಮಾಡ್ಲೇಬೇಕಾಗ್ತೈತೆ. ಮಂದಣ್ಣನ ಕತ್ತು ಮೇಲಕ್ಕೆ ಎತ್ತೋದು ತೋರಿಸಿ. ಕಿವಿ ಬೊಗಳೋದು ತಟಕ್ ಅಂತ ನಿಲ್ಸೋದು ಕೇಳಿಸಿ. ಕರ್ವಾಲೊ ಕನ್ನಡಕ ಒರೆಸ್ಕೊಳ್ಳೋ ಕೈ ತೋರಿಸಿ. ಒಂದು ಎಲೆ ಅಲ್ಲಾಡ್ಲಿ, ಒಂದು ನೆರಳು ಕಣಿವೆ ದಾಟ್ಲಿ, ಸಾಕು. ನೋಡ್ತಾ ಕೂತೋರ ಒಬ್ಬೊಬ್ಬರ ತಲೇಲೂ ಒಂದೊಂದು ಓತಿ ಆಗ್ಲೇ ಐತೆ, ಬಣ್ಣ ಸಮೇತ. ಓದಿಲ್ದ ಮಕ್ಕಳಿಗೆ? ನಮ್ಮನೆ ಹುಡ್ಗ ಕೇಳಿದ್ದೂ ಇದೇ, "ನಾವು ಓದಿಲ್ವಲ್ಲಮ್ಮ, ನಮ್ಗೆ ಏನ್ ಕಾಣುತ್ತೆ?" ಅಂತ. ಮುಸ್ತಾಫಾ ನೋಡಿದ್ಮೇಲೆ ಕತೆ ಓದಿದ್ಯಲ್ಲಪ್ಪ, ಇದನ್ನೂ ಓದು ಅಂದೆ. ಪುಸ್ತಕ ಮೇಜಿನ ಮೇಲೆ ಮಡಗಿದೀನಿ. ಮೂರನೇ ಅಧ್ಯಾಯದಾಗೆ ಬಸ್ ಟಿಕೆಟ್ ಒಂದು ಗುರುತಿಗೆ ಸಿಕ್ಕಿಸೈತೆ, ಅವಂದೇ ಇರ್ಬೇಕು.

ನಮ್ಮೆಜಮಾನ್ರು ಇದನ್ನ ಓದಿ, ಓತಿ ಇಲ್ದೆ ಕರ್ವಾಲೊ ಮಾಡಿದ್ರೆ ಜನ ಟಿಕೆಟ್ ದುಡ್ಡು ವಾಪಸ್ ಕೇಳ್ತಾರೆ ಅಂತವ್ರೆ. ಕೇಳ್ಲಿ. ನಮ್ಮ ಪಾಲಿನ ತೋಟದಾಗೆ ಒಂದಷ್ಟು ಮರ ಅವೆ. ಮನೆ ಖರ್ಚಿಗೆ ಅಂತ ಆ ಕೊಬ್ಬರಿ ದುಡ್ಡು ನನ್ನ ಕೈಗೆ ಬರ್ತೈತೆ. ಅರಸೀಕೆರೆ ಮಾರ್ಕೆಟ್ಟಿನ ರೇಟು ನಿಮ್ಗೂ ಗೊತ್ತು, ಇವತ್ತಿದ್ದಂಗೆ ನಾಳೆ ಇರಲ್ಲ. ಆದ್ರೂ ನೂರು ಜನ ಸೇರಿ 'ಕರ್ವಾಲೊ' ಮಾಡ್ತೀವಿ ಅಂತ ಯಾರಾದ್ರೂ ಹೊರಟ್ರೆ ಅದ್ರಾಗೆ ನಂದೂ ಒಂದು ಪಾಲು ಮಡಗಿರಿ. ಶರತ್ತು ಮೇಲೆ ಬರೆದೈತೆ.